ಒಸಡಿನ ಬಣ್ಣ

ಹಗಲೆಲ್ಲ ನಾನು ವಿರಾಜಪೇಟೆಯವರ ಹಲ್ಲು ಕಟ್ಟುತ್ತೇನೆ.
ಮೇಣ, ಅಚ್ಚು, ಪ್ಲಾಸ್ಟರು, ಬಿಸಿನೀರು.
ಸಂಜೆ ಆರಕ್ಕೆ ಲ್ಯಾಬಿನ ಶಟರು ಅರ್ಧ ಇಳಿಯಿತೆಂದರೆ
ಮೇಜಿನ ಮೇಲಿನ ಬಾಯಿ ಬೇರೆ:
ಅಂಗಾತ ಮಲಗಿದ ಗೇರ್ ಪೆಟ್ಟಿಗೆ,
ಎರಡನೇ ಚಕ್ರದಲ್ಲಿ ಮೂರು ಹಲ್ಲು ಮುಕ್ಕು.
ಕನ್ನಡಕ್ಕೆ ಎರಡೂ ಹಲ್ಲೇ.
ನಾನು ಹೊಸದಾಗಿ ಕಲಿಯಬೇಕಾದ್ದು ಕಡಿಮೆ.

ಈ ಜಾವಾ ಒಂದೇ ಊರಲ್ಲಿ ಸಿಕ್ಕಿದ್ದಲ್ಲ.
ಚಾಸಿಸ್ಸು ಸಿದ್ದಾಪುರದ ಗುಜರಿಯಲ್ಲಿ, ತಕ್ಕಡಿಯ ಕೆಳಗೆ.
ಟ್ಯಾಂಕು ಪಾಲಿಬೆಟ್ಟದಲ್ಲಿ, ಹೊಟ್ಟೆ ತುಂಬ ಸೀಮೆಎಣ್ಣೆ.
ಎಂಜಿನ್ನು ಮಾತ್ರ ಅಮ್ಮತ್ತಿಯ ಬಿದ್ದಪ್ಪನವರ ಕಣದಲ್ಲಿ
ಇನ್ನೂ ಕೂಲಿ ಮಾಡುತ್ತಿತ್ತು:
ಮರದ ದಿಮ್ಮಿಗೆ ಬೋಲ್ಟು ಹೊಡೆಸಿಕೊಂಡು,
ಸೊಂಟಕ್ಕೆ ಬೆಲ್ಟು ಸುತ್ತಿಸಿಕೊಂಡು,
ಹದಿನೇಳು ಕೊಯ್ಲು ಕಾಳುಮೆಣಸು ಬಿಡಿಸಿತ್ತು
ಒಂದು ಫರ್ಲಾಂಗೂ ಮುಂದೆ ಹೋಗದೆ.

"ಕೊಡುವುದಿಲ್ಲ" ಅಂದರು ಬಿದ್ದಪ್ಪ.
ಅನ್ನುವಾಗ ಅವರ ಕೆಳಗಿನ ಸೆಟ್ಟು ಸಡಿಲಾಗಿ ಟಕ್ಕೆಂದಿತು.
ಆ ಟಕ್ ನನಗೆ ಕೇಳಿಸಿತು.
ಮೂರು ವಾರ ಬಿಟ್ಟು ಹೊಸ ಸೆಟ್ಟು ಒಯ್ದೆ,
ಜೊತೆಗೊಂದು ಸೆಕೆಂಡ್ ಹ್ಯಾಂಡ್ ಕರೆಂಟು ಮೋಟಾರು.
ಅವರು ಹುರಿಗಡಲೆ ತರಿಸಿ, ಒಂದು ಕಾಳು ಕಡಿದು,
ಇನ್ನೊಂದು ಕಡಿದು,
ಸ್ಪ್ಯಾನರು ತಾವೇ ಹಿಡಿದು ಬೋಲ್ಟು ಬಿಚ್ಚಿಕೊಟ್ಟರು.
ಕಡಲೆಯೂ ಹಲ್ಲೂ ಒಂದೇ ದಿನ ಸಿಕ್ಕಿದ್ದು
ಗಾದೆಗೆ ಗೊತ್ತಿರದ ವ್ಯಾಪಾರ.

ಫಿನ್ನುಗಳ ಸಂದಿಯಲ್ಲೆಲ್ಲ ಮೆಣಸಿನ ಹೊಟ್ಟು, ಎಣ್ಣೆಗೆ ಅಂಟಿ ಕಲ್ಲಾಗಿ.
ಹಲ್ಲಿನ ಪಾಚಿ ಕೆರೆಯುವ ಕೊಕ್ಕೆಯಲ್ಲೇ ಕೆರೆದೆ.
ಪಾಯಿಂಟಿನ ಗ್ಯಾಪು ಅಳೆಯಲು
ಯಾರದೋ ದವಡೆಯ ಹಳೇ ಎಕ್ಸ್‌ರೇ ಹಾಳೆ, ಎರಡು ಮಡಿಕೆ.
ಟ್ಯಾಂಕಿನ ಪಕ್ಕೆಯ ದಂತವರ್ಣಕ್ಕೆ
ಪೇಂಟಿನ ಅಂಗಡಿಗೆ ಹೋಗಲಿಲ್ಲ,
ನನ್ನ ಶೇಡು ಪಟ್ಟಿಯನ್ನೇ ಹಿಡಿದು ನೋಡಿದೆ:
ಎ ಮೂರು.
ಐವತ್ತು ದಾಟಿದ, ದಿನಕ್ಕೆ ಆರು ಲೋಟ ಕಾಫಿಯ ಬಾಯಿ.

ಗೋಣಿಕೊಪ್ಪದ ಉಸ್ಮಾನನಿಗೆ ಬೇರೆಯೇ ಕನಸು.
"ಅಕ್ಕಾ, ಹಿಂದಿನ ಮಡ್‌ಗಾರ್ಡು ಕತ್ತರಿಸುವ,
ಹ್ಯಾಂಡಲ್ಲು ತಗ್ಗಿಸುವ, ಪೂರ್ತಿ ಕಪ್ಪು ಹೊಡೆಯುವ."
ಅವನ ಗ್ರೈಂಡರು ನಾಯಿಯ ಹಾಗೆ
ಮಡ್‌ಗಾರ್ಡನ್ನು ಮೂಸುತ್ತಿತ್ತು.
"ಬೇಡ ಮಾರಾಯ. ಹೇಗಿತ್ತೋ ಹಾಗೆ."

"ಯಾವಾಗ ಇದ್ದ ಹಾಗೆ?"
ಮುಕ್ಕು ಹಲ್ಲಿಗೆ ಲೋಹ ತುಂಬುತ್ತ ಕೇಳಿದ.
"ಮೈಸೂರಿಂದ ಹೊರಟ ದಿನದ್ದೋ,
ಮೆಣಸು ಬಿಡಿಸಿದ ಹದಿನೇಳು ವರ್ಷದ್ದೋ?"
ವೆಲ್ಡಿಂಗಿನ ಬೆಳಕು ನೋಡಬಾರದು ಎಂಬ ನೆಪ ಇತ್ತು,
ಮುಖ ತಿರುಗಿಸಿದೆ.

ಒಂದು ಸಾಮಾನು ಮಾತ್ರ ಎಲ್ಲೂ ಸಿಗಲಿಲ್ಲ.
ಜಾವಾದ ಕಿಕ್ಕರನ್ನು ಒದ್ದು ಮಡಚಿದರೆ ಅದೇ ಗೇರು,
ಒಂದು ಸರಳಿಗೆ ಎರಡು ಉದ್ಯೋಗ.
ಅದರ ತುದಿಯ ರಬ್ಬರು.
ಕಣ್ಣೂರಿನ ಗುಜರಿಯವರೂ ಕೈಯಾಡಿಸಿದರು.
ಕಡೆಗೊಂದು ಭಾನುವಾರ
ಮೇಣದಲ್ಲಿ ತಿದ್ದಿ, ಅಚ್ಚಿನಲ್ಲಿ ಮುಚ್ಚಿ, ಕುದಿಸಿ, ಒಡೆದೆ:
ಸೆಟ್ಟಿನ ಪ್ಲಾಸ್ಟಿಕ್ಕು, ಒಸಡಿನ ಗುಲಾಬಿ,
ಒಳಗೆ ರಕ್ತನಾಳದಂಥ ಕೆಂಪು ನೂಲೆಳೆ,
ಕಾಲು ಜಾರದಿರಲೆಂದು
ಮೇಲೆ ಅಂಗುಳಿನ ಸುಕ್ಕು.

ಮಡಿಕೇರಿಯಲ್ಲಿ ಹಳೇ ಗಾಡಿಗಳ ಸಾಲು.
ಕನ್ನಡಕದವರೊಬ್ಬರು ಎಲ್ಲ ಮೆಚ್ಚುತ್ತ ಬಂದು
ಅಲ್ಲಿ ಮಂಡಿಯೂರಿದರು.
"ಇದು ಒರಿಜಿನಲ್ ಅಲ್ಲ."
"ಅಲ್ಲ."
"ಕಪ್ಪಾದರೂ ಬಳಿಯಬಹುದಿತ್ತು."
ಬಳಿಯಬಹುದಿತ್ತು. ಡಬ್ಬಿ ಮೇಜಿನ ಮೇಲೇ ಇತ್ತು.
ಅವರು ಎರಡು ಅಂಕ ಕಳೆದು ಬರೆದುಕೊಂಡು ಹೋದರು.
ಉಸ್ಮಾನ ಹಲ್ಲು ಕಿಸಿದು ನಿಂತಿದ್ದ,
ತಾನೇ ಗೆದ್ದವನ ಹಾಗೆ.

ವಾಪಸು ಹೊರಟಾಗ ಮೊದಲ ಒದೆತಕ್ಕೆ ಏನಿಲ್ಲ.
ಎರಡನೆಯದಕ್ಕೆ ಕೆಮ್ಮು.
ಮೂರನೆಯದಕ್ಕೆ ಹಿಡಿಯಿತು,
ಎರಡೂ ಸೈಲೆನ್ಸರಿಂದ ನೀಲಿ ಹೊಗೆ,
ಹೊಗೆಯಲ್ಲಿ ಎಷ್ಟು ತೊಳೆದರೂ ಬಿಡದ ಮೆಣಸಿನ ಘಾಟು.
ಹಿಂದೆ ಕೂತ ಉಸ್ಮಾನ ಸೀನಿದ.
ಆಮೇಲೆ ನಾನು.
ಮೂರ್ನಾಡು ದಾಟುವ ತನಕ
ಸೀನುತ್ತಲೇ ಇದ್ದೆವು.