ಹೋಗಕೂಡದು

ಊಟದ ಮೇಜು ಹನ್ನೊಂದು ರಾತ್ರಿಯಿಂದ ಇದ್ವಲನ ವಶ.
ನಾನು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತೇನೆ.
ಹಳೆಯ ಪತ್ರಿಕೆ ಹಾಸಿ, ಅದರ ಮೇಲೆ
ಬೂದು ಪ್ಲಾಸ್ಟಿಕ್ಕಿನ ಚೌಕಟ್ಟು,
ಬಾಚಣಿಗೆಗೆ ಹಲ್ಲಿನಂತೆ ಅದಕ್ಕೆ ಅಂಟಿಕೊಂಡ
ಬದಿ, ಬಾಗಿಲು, ಬಫರು, ಬ್ರೇಕಿನ ಸನ್ನೆ.
ಹತ್ತು ಟನ್ನು ಹೊರುವ ಕಲ್ಲಿದ್ದಲ ವ್ಯಾಗನ್ನು,
ಬೆಂಕಿಪೊಟ್ಟಣಕ್ಕಿಂತ ತುಸು ಉದ್ದ.

ಬ್ಲೇಡಿನಲ್ಲಿ ಬಿಡಿಸಿದ, ಅರದಲ್ಲಿ ಉಜ್ಜಿದ,
ಗಾಳದ ಸೀಸ ನಾಲ್ಕು ಚೂರು ನೆಲದಡಿ ಕೂರಿಸಿದ.
ಹಗುರವಾದದ್ದು ಹಳಿ ತಪ್ಪುತ್ತದಂತೆ.
"ಮನುಷ್ಯರೂ," ಅಂದೆ.
ಅವನಿಗೆ ಎಡಗಿವಿ ಕೇಳಿಸುವುದಿಲ್ಲ.

ಬಾಗಿಲ ಕೀಲೊಂದು ಚಿಮ್ಮಿ ಕಾರ್ಪೆಟ್ಟಿನೊಳಗೆ ಹೋಯಿತು.
ಟಾರ್ಚು ಹಿಡಿದು ಇಬ್ಬರೂ ಮಂಡಿಯೂರಿದೆವು.
ನಮ್ಮ ಚಾಪೆಲಿನಲ್ಲಿ ಮಂಡಿಯೂರುವ ರೂಢಿಯಿಲ್ಲ,
ಏಳುವಾಗ ಒಬ್ಬರಿಗೊಬ್ಬರು ಕೈಕೊಟ್ಟೆವು.
ಸಿಕ್ಕಿದ್ದು ಒಂದು ಗುಂಡಿ, ಎಂದೋ ತಪ್ಪಿದ ರಕ್ತದೊತ್ತಡದ ಮಾತ್ರೆ.
ಕೀಲನ್ನು ಬಿಯರ್ ಡಬ್ಬಿಯ ತಗಡಿನಲ್ಲಿ ಮಾಡಿದ.

ಇಟ್ಟಿಗೆಗೆಂಪು ಬಣ್ಣ ಒಣಗಲು ಎರಡು ದಿನ.
ಸಾಸಿವೆ ಗಾತ್ರದ ಬಿಳಿ ಅಕ್ಷರ
ನೀರಿನಲ್ಲಿ ನೆನೆಸಿ, ಜಾರಿಸಿ, ಉಸಿರು ಬಿಗಿಹಿಡಿದು.
ಹೊರೆಗೆ ಮಾತ್ರ ನಿಜವಾದ ಕಲ್ಲಿದ್ದಲೇ ಬೇಕೆಂದ.
ಶೆಡ್ಡಿನ ಕೊನೆಯ ಚೀಲದಿಂದ ಹೆಂಟೆಯೊಂದನ್ನು ತಂದು
ನನ್ನ ಕರವಸ್ತ್ರದಲ್ಲಿ ಸುತ್ತಿ ಕುಟ್ಟಿದ.
ಎಲ್ಲವೂ ಎಪ್ಪತ್ತಾರರಲ್ಲಿ ಒಂದು ಪಾಲಾದ ಆ ಮೇಜಿನ ಮೇಲೆ
ಅದೊಂದಕ್ಕೆ ಯಾವ ಅಳತೆಯೂ ಇರಲಿಲ್ಲ.
ಕರವಸ್ತ್ರ ಇನ್ನೂ ಬಿಳಿಯಾಗಿಲ್ಲ.

ನಿನ್ನೆ ರಾತ್ರಿ ನನ್ನ ಕನ್ನಡಿಯ ಮೇಲೆ ನಿಲ್ಲಿಸಿ ನೋಡಿದ.
ಮೂರು ಚಕ್ರ ಊರಿವೆ. ನಾಲ್ಕನೆಯದು
ಕೂದಲೆಳೆಯಷ್ಟು ಮೇಲೆ.
"ಬಿಚ್ಚಿ ಕೂಡಿಸು," ಅಂದೆ, ಬಲಗಿವಿಗೆ.
ಅವನು ಬೆಂಕಿಕಡ್ಡಿಯೊಂದನ್ನು ತೆಗೆದು
ಚಕ್ರಕ್ಕೆ ತಟ್ಟಿ, ಬಗ್ಗಿ ಆಲಿಸಿದ.
ಟಕ್. ಮುಂದಿನದಕ್ಕೆ. ಟಕ್.

ಮೂವತ್ತೊಂದು ವರ್ಷ ಅಬರ್ಡೇರಿನ ಯಾರ್ಡಿನಲ್ಲಿ
ಉದ್ದ ಹಿಡಿಯ ಸುತ್ತಿಗೆ ಹಿಡಿದು ಮಂಜಿನೊಳಗೆ ನಡೆದು
ಚಕ್ರಚಕ್ರವನ್ನೂ ಬಡಿದು ದನಿ ಕೇಳಿದವನು.
ಸರಿಯಿದ್ದದ್ದು ಗಂಟೆ. ಬಿರುಕು ಬಿಟ್ಟದ್ದು ಒಡಕು ಗಡಿಗೆ.
ಗಣಿ ಮುಚ್ಚಿದ ವಾರ ಯಾರ್ಡಿಗೂ ಬೀಗ ಬಿತ್ತು.
ಸುತ್ತಿಗೆಯನ್ನು ಯಾರೂ ವಾಪಸು ಕೇಳಲಿಲ್ಲ.

ಕೆಂಪು ಕಾಗದವನ್ನು ಅಕ್ಕಿಕಾಳಿನಷ್ಟು ಕತ್ತರಿಸಿ
ಒಂಟಿ ಎಳೆಯ ಕುಂಚದಲ್ಲಿ ಬರೆದ:
ಹೋಗಕೂಡದು.
ವ್ಯಾಗನ್ನಿನ ಬದಿಗೆ ಅಂಟಿಸಿ, ಕಿಟಕಿಯ ಕಟ್ಟೆಯಲ್ಲಿ
ಗೇಣುದ್ದ ಹಳಿಯ ಮೇಲೆ ನಿಲ್ಲಿಸಿ, ದೀಪವಾರಿಸಿದ.

ಬೆಳಿಗ್ಗೆ ಮೇಜು ಖಾಲಿ. ಎರಡು ತಟ್ಟೆ ಇಟ್ಟೆ.
"ಅದರ ರಿಪೇರಿಗೆ ಯಾರು ಬರುತ್ತಾರೆ, ಇದ್ವಲ್?"
"ಸೋಮವಾರ," ಅಂದ,
ಬ್ರೆಡ್ಡಿನ ಅಂಚಿನವರೆಗೂ ಬೆಣ್ಣೆ ಸವರುತ್ತ.