ಮೇಣದ ಕೋಣೆಯಿಂದ

ಇಸ್ತ್ರಿಪೆಟ್ಟಿಗೆ ಕಾಯುತ್ತಿದೆ.
ನಾನೂ ಕಾಯುತ್ತಿದ್ದೇನೆ.
ಬೆಳಗಿನ ಆರು. ಕುಹ್ಮೊ ಊರಾಚೆ
ಸೊನ್ನೆಯಿಂದ ಹದಿನೇಳು ಮೆಟ್ಟಿಲಿಳಿದು
ಪಾದರಸ ಮುದುಡಿ ಕೂತಿದೆ.

ಹಣ್ಣಿನ ಪೆಟ್ಟಿಗೆ ಬೋರಲು ಹಾಕಿ
ಅದರ ಮೇಲೆ ಲೆಂಪಿ.
ಹದಿನೇಳೇ ಅವಳಿಗೂ.
ಬೂಟಿನ ಒಂದು ಲಾಡಿ ಕಟ್ಟಿದ್ದಾಳೆ,
ಇನ್ನೊಂದನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ,
'ಇವತ್ತು ಯಾಕೆ ಓಡಬೇಕು ನಾನು?' ಅಂದಳು.

ನನ್ನನ್ನು ಕೇಳಿದರೆ?
ಮೂವತ್ತು ಚಳಿಗಾಲ ಮೇಣ ಬಳಿದ ಕೈ ಇದು.
ಹಿಮದ ವಿಷಯ ಕೇಳು, ಹೇಳುತ್ತೇನೆ:
ನಿನ್ನೆ ರಾತ್ರಿ ಬಿದ್ದದ್ದು ರವೆ,
ಅದರಡಿಯ ಹಳೆಯದು ಕಲ್ಲುಸಕ್ಕರೆ,
ಎರಡೂ ಬೆರೆತ ಕಡೆ ಯಾವ ಮೇಣವೂ ಸುಳ್ಳೇ.
ಸ್ಕೀ ಹಲಗೆಯ ತುದಿಗಳೆರಡೂ ಜಾರಬೇಕು,
ನಡು ಮಾತ್ರ, ಒದ್ದಾಗ, ನೆಲ ಕಚ್ಚಬೇಕು.
(ಬಿದ್ದು ನೆಲ ಕಚ್ಚುವುದು ಬೇರೆ.)
ಇಷ್ಟೇ ನನ್ನ ವಿದ್ಯೆ.
ಉಮೇದಿಗೆ ಹಚ್ಚುವ ಡಬ್ಬಿ
ಈ ಕಪಾಟಿನಲ್ಲಿಲ್ಲ.

ಅವಳಪ್ಪ ಹೇಳುತ್ತಾನೆ: ಪದಕ ಬಂದರೆ ಮೊಪೆಡ್.
ಶಾಲೆಯ ಗೋಡೆ ಹೇಳುತ್ತದೆ: ನೋವೇ ನಿನ್ನ ನೆಂಟ.
ನೆಂಟರಾದರೂ ಮೂರು ದಿನ ಚೆಂದ;
ಇದು ಮೂರನೆಯ ತಿಂಗಳು.

ನವೆಂಬರಿನಲ್ಲಿ ಒಂಬತ್ತನೆಯವಳು.
ಆಗ ಹಲಗೆಗಿಂತ ಮೊದಲು ಅವಳೇ ಜಾರುತ್ತಿದ್ದಳು,
ಬಾಯಿತುಂಬ ಹರಟೆ.
ಹೊಸವರ್ಷಕ್ಕೆ ಇಪ್ಪತ್ತಾರು.
ಒಂದು ಕೆಮ್ಮು, ಹನ್ನೆರಡು ದಿನ ಹಾಸಿಗೆ,
ಆಮೇಲೆ ಮೂವತ್ತೆಂಟು.
ಒಂದೇ ಬೆಂಚಿನ ಗೆಳತಿ ಕೆರ್ಟು
ಏರಿನಲ್ಲಿ 'ದಾರಿ!' ಎಂದು ಕೂಗಿ ಹಿಂದಿನಿಂದ ದಾಟಿದ ದಿನ
ಬಸ್ಸಿನಲ್ಲಿ ಇಬ್ಬರೂ ಒಂದೇ ಕಿಟಕಿ ನೋಡಲಿಲ್ಲ.

ಎಲೆ ಉದುರುವ ಕಾಲದಲ್ಲಿ ಕೋಚ್ ಚೀಟಿ ಹಂಚಿದ್ದ:
ಗುರಿ ಬರೆಯಿರಿ, ಚೀಲದಲ್ಲಿಟ್ಟುಕೊಳ್ಳಿ.
ಲೆಂಪಿ ಈಗ ಅದನ್ನು ತಡಕಿ ತೆಗೆದಳು.
'ಮೊದಲ ಐದು', ಕೆಳಗೆ ಎರಡು ಗೆರೆ.
ಓದಿದಳು, ನಕ್ಕಳೋ ಏನೋ,
ಮಡಚಿ ನನ್ನ ಕೈಗಿಟ್ಟಳು.
ಇಸ್ತ್ರಿಯ ತಳ ಒರೆಸಲು ಕಾಗದ ಬೇಕಿತ್ತು ನನಗೆ.
ಒರೆಸಿದೆ.
ಮೇಣ ಕುಡಿದ ಚೀಟಿ ಗಾಜಿನಂತಾಯಿತು,
ಎರಡು ಗೆರೆ ಆಚೆ ಬದಿಗೂ ಕಂಡವು.

ಓಟದ ಬಗ್ಗೆ ಹೆಚ್ಚು ಹೇಳುವಂಥದಿಲ್ಲ.
ಹತ್ತು ಕಿಲೋಮೀಟರು. ರೆಪ್ಪೆಗೆ ಬಿಳಿ ಮುಳ್ಳು.
ಇಳಿಜಾರಿನ ಕೊನೆಯ ತಿರುವಿನಲ್ಲಿ ಬಿದ್ದಳಂತೆ,
ಎದ್ದಳಂತೆ.
ಮೂವತ್ತನಾಲ್ಕು.
ಬ್ಲೂಬೆರಿ ರಸ ಕುಡಿದ ನೀಲಿ ತುಟಿಯಲ್ಲಿ
'ಹಿಡಿತ ಚೆನ್ನಾಗಿತ್ತು' ಅಂದಳು,
ನನ್ನ ಮನಸ್ಸು ನೋಯದಿರಲಿ ಅಂತ ಇರಬಹುದು.

ನಾಲ್ಕೂವರೆಗೆ ಕತ್ತಲು.
ಬ್ಯಾನರು ಸುತ್ತಿಟ್ಟರು, ಮೈಕಿನ ಬಾಯಿ ಕಟ್ಟಿತು.
ವ್ಯಾನಿಗೆ ಹಲಗೆ ತುಂಬುತ್ತ ನೋಡುತ್ತೇನೆ:
ಸ್ಪ್ರೂಸ್ ಮರಗಳ ನಡುವೆ ಒಂದು ತಲೆದೀಪ, ಒಂದೇ,
ಏರಿ, ಇಳಿದು, ಮರೆಯಾಗಿ, ಮತ್ತೆ.
ಎದೆಯ ಮೇಲೆ ನಂಬರಿಲ್ಲ.
ಹಾಡುಹಗಲೇ ಅಳದವನು ನಾನು, ಗಂಟಲು ಕಟ್ಟಿತು.
ಇದೇ ಛಲ, ಇದೇ ತಪಸ್ಸು ಅಂತೆಲ್ಲ
ಕೋಚ್‌ಗೆ ಹೇಳಬೇಕಾದ ಮಾತು ಜೋಡಿಸಿಕೊಂಡೆ.

ಬಂದಳು. ತಲೆಯಿಂದ ಹಬೆ.
'ಮನೆ ಕೀಲಿ ಬಿದ್ದಿತ್ತು, ಆ ತಿರುವಿನಲ್ಲಿ,'
ಅಂಗೈ ಬಿಚ್ಚಿ ತೋರಿಸಿದಳು.
ಜೋಡಿಸಿದ ಮಾತನ್ನು ಜೇಬಿಗೆ ಹಾಕಿಕೊಂಡೆ.

ಎಷ್ಟನೆಯ ಸುತ್ತಿಗೆ ಸಿಕ್ಕಿತು, ಎಂದೆ, ಸುಮ್ಮನೆ.
'ಮೊದಲನೆಯದಕ್ಕೇ.'
ನಾನು ಎಣಿಸಿದ್ದು ನಾಲ್ಕು.

ಮತ್ತೆ ಅದೇ ಪೆಟ್ಟಿಗೆಯ ಮೇಲೆ ಕೂತು
ಲಾಡಿ ಬಿಚ್ಚತೊಡಗಿದಳು, ಗಂಟು ಹಿಮಗಟ್ಟಿ ಬಿಚ್ಚಲಿಲ್ಲ.
ಇಸ್ತ್ರಿಯ ತಳ ಮುಟ್ಟಿ ನೋಡಿದೆ, ಎಂದೋ ಆರಿತ್ತು.
ಅವಳ ಕಿವಿಗಳು ಮಾತ್ರ ಕೆಂಪಗೆ
ಇನ್ನೂ ಕಾದೇ ಇದ್ದವು.