ಕಟ್ಟಿಗೆ ಲೆಕ್ಕ

ಬೆಟ್ಟದ ಮೇಲಿನ ಆ ಮರದ ಗುಡಿಸಲಿಗೆ ಬೀಗವಿಲ್ಲ.
ಒಳಗೊಂದು ಒಲೆ, ನಾಲ್ಕು ಮಂಚ,
ದಾರ ಕಟ್ಟಿದ ಪೆನ್ಸಿಲು, ಮತ್ತೆ
ಹಸಿರು ರಟ್ಟಿನ ಪುಸ್ತಕ.
ಹವೆ ಹೇಗಿತ್ತು, ಕಟ್ಟಿಗೆ ಎಷ್ಟು ಉರಿಸಿದಿರಿ,
ಅಷ್ಟೇ ಕೇಳುವುದು ಅದು.

ಹಾಲ್ವರ್ ಮಾತ್ರ ಅಷ್ಟಕ್ಕೆ ನಿಲ್ಲುವ ಗಂಡಸಲ್ಲ.
ಪುಟ ತಿರುವಿದರೆ ಅವನ ಮನೆಯೇ ಕದ ತೆಗೆದ ಹಾಗೆ:
ಹೆಂಡತಿ ಬೋರ್ಗಿಲ್ ಬ್ಯಾಂಡಿನಲ್ಲಿ ಟ್ರಾಂಬೋನ್ ಊದುತ್ತಾಳೆ,
ಅಭ್ಯಾಸಕ್ಕೆ ಕೊಟ್ಟಿಗೆ, ಹಸುಗಳದ್ದೇನೂ ತಕರಾರಿಲ್ಲ.
ಮಗ ಶೂರ್ ಕಂದು ಬಣ್ಣದ್ದೇನನ್ನೂ ತಿನ್ನುವುದಿಲ್ಲ,
ಮೇಕೆಹಾಲಿನ ಆ ಕಂದು ಚೀಸೊಂದನ್ನು ಬಿಟ್ಟು.
"ಇವತ್ತು ಹಿಮಕೋಳಿ ಹನ್ನೊಂದು ಕಂಡೆ,
ಹನ್ನೆರಡನೆಯದು ಕಲ್ಲು."
ತಾನೇ ಹೆಣೆದ ಕೈಗವಸು, ಎಡಗೈಯದರ ಕಿರುಬೆರಳು
ಪ್ರತಿಸಲವೂ ಯಾಕೋ ಉದ್ದ,
ಅದಕ್ಕೊಂದು ಚಿತ್ರ, ಅಳತೆ ಸಮೇತ.
ಕೆಲಸ: ಲಾವಿಕ್‌ನಿಂದ ಒಪ್ಪೆದಾಲ್‌ಗೆ,
ಒಪ್ಪೆದಾಲ್‌ನಿಂದ ಲಾವಿಕ್‌ಗೆ, ದೋಣಿಯಲ್ಲಿ ಟಿಕೆಟ್ಟು.
"ಇಪ್ಪತ್ತು ನಿಮಿಷಕ್ಕೊಮ್ಮೆ ಊರು ಬದಲಾಗುತ್ತದೆ,
ನಾನು ಎಲ್ಲಿಗೂ ಹೋಗಿರುವುದಿಲ್ಲ."

ಏಳು ವರ್ಷ ಓದಿದೆ. ಒಮ್ಮೆಯೂ ಎದುರಾಗಲಿಲ್ಲ.
ಅವನು ಇಳಿದ ಮಾರನೆಯ ದಿನ ನಾನು ಹತ್ತುತ್ತಿದ್ದೆ,
ಒಲೆಯ ಬೂದಿ ಇನ್ನೂ ಬೆಚ್ಚಗೆ.
ನಾನು ಬರೆದದ್ದು? "ಮಳೆ. ಕಟ್ಟಿಗೆ ಹದಿನಾಲ್ಕು. ರ."
ಹಲ್ಲಿನ ಸೆಟ್ಟು ಮಾಡುವವಳಿಗೆ ಹೇಳುವಂಥದ್ದೇನಿರುತ್ತದೆ,
ದಿನವಿಡೀ ಬೇರೆಯವರ ಬಾಯಿಯದೇ ಕೆಲಸ.

ಹೋದ ಮಾರ್ಚಿನಲ್ಲಿ ಆಚೆ ದಡದ ವೃದ್ಧಾಶ್ರಮಕ್ಕೆ ಹೊರಟಿದ್ದೆ,
ಪಕ್ಕದ ಸೀಟಿನಲ್ಲಿ ಹತ್ತಿ ಸುತ್ತಿದ ಮೂರು ಸೆಟ್ಟು.
ಚರ್ಮದ ಚೀಲದವನು ಕಾರಿನ ಕಿಟಕಿಗೆ ಬಗ್ಗಿದ.
ಎಡಗೈ ಗವಸಿನ ಕಿರುಬೆರಳು
ತುದಿಯಲ್ಲಿ ಖಾಲಿ ಜೋಲಾಡುತ್ತಿತ್ತು.
"ಟ್ರಾಂಬೋನ್ ಹೇಗಿದೆ?" ಅಂದುಬಿಟ್ಟೆ.

ನಾನು ಅಂದುಕೊಂಡವನು ಗುಂಡಗೆ, ಕೆಂಪಗೆ, ನಗೆಮಾರಿ.
ಇವನು ಸಪೂರ, ಮಾತಿಗೆ ಮುಂಚೆ
ಎರಡು ಸಲ ಗಂಟಲು ಸರಿಮಾಡಿಕೊಳ್ಳುವವನು.
ಬಹಳ ಹೊತ್ತು ನೋಡಿದ. ಹಿಂದಿನ ಲಾರಿ ಹಾರ್ನ್ ಹೊಡೆಯಿತು.
"ಚಕ್ಕೆ ಸೀಳುವವಳು," ಅಂದ.
"ಮುಂದೆ ಬರುವವರಿಗೆಂದು ತೆಳ್ಳಗೆ ಸೀಳಿ
ಒಲೆಯ ಪಕ್ಕ ಒಣಗಲಿಟ್ಟು ಹೋಗುವವಳು.
ಎಡಚಿ, ಅಕ್ಷರದ ಮೇಲೆಲ್ಲ ಕೈ ಒರೆಸಿದ ಮಸಿ.
ಟೀಚರೇನೋ ಅಂದುಕೊಂಡಿದ್ದೆವು ಬೋರ್ಗಿಲ್ ಮತ್ತು ನಾನು."
ಆಮೇಲೆ ದನಿ ತಗ್ಗಿಸಿ, ಚಿಲ್ಲರೆ ಎಣಿಸುತ್ತ,
"ಎರಡು ಚಳಿಗಾಲದಿಂದ ಕಟ್ಟಿಗೆ ಏಳೇ ಏಳು.
ಬೋರಲು ಹಾಕಿದ ಲೋಟ ಒಂದೇ.
ನಮಗೆ ಬೇಜಾರಾಯಿತು."

ಅಯ್ಯೋ, ಸತ್ತಿಲ್ಲ ಮಾರಾಯ, ಅಂದೆ,
ನನ್ನ ಅಕ್ಕ ಓಸ್ನೆ ಸ್ಪೇನಿಗೆ ಹೋಗಿದ್ದಾಳೆ,
ಮಂಡಿನೋವಿಗೆ ಅಲ್ಲಿಯ ಬಿಸಿಲು ಒಳ್ಳೆಯದಂತೆ,
ಹೋದ ವಾರ ನಿಂಬೆಮರದ ಫೋಟೋ ಕಳಿಸಿದ್ದಳು.
ಟೀಚರೂ ಅಲ್ಲ, ಎಂದು ಹತ್ತಿ ಬಿಚ್ಚಿ ತೋರಿಸಿದೆ.
ನಕ್ಕೆವು. ಅವನು ಸ್ವಲ್ಪ,
ನಾನು ಬೇಕಾದ್ದಕ್ಕಿಂತ ಜಾಸ್ತಿ.
ಮತ್ತೆ ಯಾಕೋ ಗಾಜು ಮಂಜಾಯಿತು,
ವೈಪರ್ ಹಾಕಿದೆ; ಮಂಜು ಒಳಗಿನದು.

ನಾನು ಕಾಲಿಡದ ಒಂದು ಅಡುಗೆಮನೆಯಲ್ಲಿ
ಕಂದು ಮುಟ್ಟದ ಹುಡುಗನ ತಟ್ಟೆಯೆದುರು
ನನ್ನ ಕಟ್ಟಿಗೆ ಕೂಡಿ ಕಳೆದಿದ್ದಾರೆ.
ಉತ್ತರ ತಪ್ಪು. ಆದರೂ.

ಸೇತುವೆ ಬರುತ್ತದಂತೆ? ಕೇಳಿದೆ.
"ನಾನು ಹುಟ್ಟಿದಾಗಿನಿಂದ ಬರುತ್ತಲೇ ಇದೆ."
ಶೂರ್‌ನ ಮುಂಬಲ್ಲು ಹಿಮದಲ್ಲಿ ಬಿತ್ತಂತೆ ಮೊನ್ನೆ,
ಕತ್ತಲಾಗುವವರೆಗೂ ಮೂವರೂ ಹುಡುಕಿದರಂತೆ,
ಬಿಳಿಯಲ್ಲಿ ಬಿಳಿ.
ಹಾಲುಹಲ್ಲು ತಾನೆ, ಬರುತ್ತದೆ, ಅಂದೆ,
ಇಷ್ಟು ವರ್ಷಕ್ಕೆ ಅವನಿಗೆ ನಾನು ಹೇಳಿದ
ಮೊದಲ ಕಸುಬಿನ ಮಾತು.

ದಡ ತಾಗಿತು, ಸರಪಳಿ ಸದ್ದು ಮಾಡಿತು.
ಟಿಕೆಟ್ಟಿನ ದುಡ್ಡು ಮಾತ್ರ ಬಿಡಲಿಲ್ಲ ಪುಣ್ಯಾತ್ಮ,
ಕಾರಿಗೊಂದು, ನನಗೊಂದು.
"ಹಲ್ಲುಗಳಿಗೆ ಬೇಡ," ಅಂದ.